ಮಾರಮ್ಮನ ಗುಡ್ಡಕ್ಕೆ ಅಡ್ಡ ಬಂದ ಕೀನ್ಯಾದ ಆನೆ

ಮಾರಮ್ಮನಿಗೆ ಅಕ್ಕನ ಮನೆಗೆ ಹೋಗಬೇಕೆಂಬ ಆಸೆಯೇನೂ ಇರಲಿಲ್ಲ. ಅಕ್ಕನ ಮನೆಗೆ ಬಸ್ಸಿದೆ. ಸಕಲೇಶಪುರಕ್ಕೆ ಹೋಗಿ, ಅಲ್ಲಿಂದ ಆಲೂರು, ಆಲೂರಿನಿಂದ ಕೆ. ಹೊಸಕೋಟೆ, ಇಳಿದು ಆಟೊ. ಹೋದರೆ ಕುರ್ಚಿ ಹಾಕುತ್ತಾರೆ, ಕಾಫಿ ಕೊಡುತ್ತಾರೆ, ಸೊಸೆ ಬಾಗಿಲಲ್ಲಿ ನಿಂತು ಮಾತು ಕೇಳಿಸಿಕೊಳ್ಳುತ್ತಾಳೆ. ಮಾರಮ್ಮನಿಗೆ ಬೇಕಾಗಿದ್ದುದು ಗುಡ್ಡದ ನೆತ್ತಿಯ ಬಂಡೆ.

ಅಕ್ಕ ಚೌಡಮ್ಮ ಗುಡ್ಡದ ಆ ಮಗ್ಗುಲಿಗೆ, ತಂಗಿ ಮಾರಮ್ಮ ಈ ಮಗ್ಗುಲಿಗೆ ಮದುವೆಯಾಗಿ ಬಂದವರು. ಇಬ್ಬರ ಅತ್ತೆಯರೂ ತವರಿನ ಹೆಸರೆತ್ತಿದರೆ ಮುಖ ಗಂಟಿಕ್ಕುವ ಪೈಕಿ. ಹಾಗಾಗಿ ಅಕ್ಕತಂಗಿ ಸೌದೆಯ ನೆಪ ಹೂಡಿದರು. ಕೂಲಿಗೆ ಹೋಗುವ ಕಾಫಿ ಎಸ್ಟೇಟಿಗೆ ಭಾನುವಾರ ರಜೆ. ಆ ಕಡೆಯಿಂದ ಅವಳು, ಈ ಕಡೆಯಿಂದ ಇವಳು, ಕತ್ತಿ ಹಗ್ಗ ಹಿಡಿದು ಹತ್ತುವುದು. ಬಂಡೆಯ ಮೇಲೆ ಕೂತು, ತಂದ ರೊಟ್ಟಿ ಅದಲುಬದಲು ಮಾಡಿಕೊಂಡು ತಿನ್ನುವುದು. ಗಂಡಂದಿರು, ಅತ್ತೆಯರು, ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರು ಎಲ್ಲರನ್ನೂ ಒಟ್ಟಿಗೆ ಸೇರಿಸಿ ಬೈಯುವುದು. ಬೈದು ಹಗುರಾಗಿ, ತಲೆಗೆ ಹೊರೆ ಏರಿಸಿ ಇಳಿಯುವುದು. ಅತ್ತೆಯರು ಸತ್ತರು, ಮನೆಗೆ ಗ್ಯಾಸ್ ಬಂತು, ಆದರೂ ಸೌದೆಗೆ ಹೋಗುವುದು ನಿಲ್ಲಲಿಲ್ಲ. ಗಂಡ ತೀರಿಕೊಂಡಾಗ ಮಾರಮ್ಮ ಅತ್ತಿದ್ದು ಆ ಬಂಡೆಯ ಮೇಲೆಯೇ. ಮನೆಯಲ್ಲಿ ಬಂದವರಿಗೆ ಕಾಫಿ ಕಾಯಿಸುವುದರಲ್ಲೇ ಹೊತ್ತು ಹೋಗಿತ್ತು.

ನಿಲ್ಲಿಸಿದ್ದು ಆನೆ. ಮೊದಲು ಬಂದು ಹೋಗುತ್ತಿದ್ದವು, ಆಮೇಲೆ ಹೋಗುವುದನ್ನು ಬಿಟ್ಟವು. ಆಲೂರಿನಲ್ಲಿ ರಸ್ತೆ ತಡೆ ನಡೆದಾಗ ಮಾರಮ್ಮನೂ ಕಾದ ಟಾರಿನ ಮೇಲೆ ಕೂತು ಗಂಟಲು ಹರಿಯುವಂತೆ ಕೂಗಿದ್ದಳು. ಸಾಹೇಬರು ಬಂದರು, ಮನವಿ ಇಸಿದುಕೊಂಡರು, ಜೀಪು ಹತ್ತಿದರು. ಒಂದು ಆನೆ ಹಿಡಿದು ಲಾರಿಯಲ್ಲಿ ಒಯ್ದರು, ಆ ಜಾಗಕ್ಕೆ ಇನ್ನೊಂದು ಬಂತು. ಗುಡ್ಡ ಆನೆಯ ಪಾಲಾಯಿತು, ಬಸ್ಸು ಮಾರಮ್ಮನ ಪಾಲಾಯಿತು. ಅಕ್ಕತಂಗಿ ಬಂಡೆ ನೋಡಿ ಎಷ್ಟೋ ವರ್ಷವಾಗಿತ್ತು.

ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಚೌಡಮ್ಮ ಫೋನಿನಲ್ಲಿ ಹೇಳಿದಳು: "ಮಂಡಿ ಹೋಗ್ತಾ ಐತೆ ಕಣೆ ಮಾರಿ. ಈ ವರ್ಷ ಹತ್ತಿದ್ರೆ ಹತ್ತಿದಂಗೆ. ಒಂದ್ಸಲ ಆ ಬಂಡೆ ಮೇಲೆ ಕುಂತ್ಕಬೇಕು ನಾವು."

ಮಾರಮ್ಮ ಧರ್ಮನ ಬೆನ್ನು ಬಿದ್ದಳು. ಧರ್ಮ ಆನೆ ಕಾಯುವ ವಾಚರ್. ದಿನ ಬೆಳಗಾದರೆ ಲದ್ದಿ, ಹೆಜ್ಜೆ ನೋಡಿ, ಆನೆ ಎಲ್ಲಿದೆಯೆಂದು ವಾಟ್ಸಾಪ್ ಗ್ರೂಪಿಗೆ ಹೇಳುವವನು. ಆ ಗ್ರೂಪ್ ನೋಡದೆ ಆ ಸೀಮೆಯಲ್ಲಿ ಯಾರೂ ಹೊಸಿಲು ದಾಟುವುದಿಲ್ಲ. ಅದಕ್ಕೊಂದು ಕಟ್ಟಳೆಯಿದೆ. ಹಬ್ಬದ ಶುಭಾಶಯ ಹಾಕುವಂತಿಲ್ಲ, ಹಳೇ ಫೋಟೊ ಹಾಕುವಂತಿಲ್ಲ. ಫೋಟೊ ಬಿತ್ತೆಂದರೆ ಆನೆ ಈಗ, ಇಲ್ಲೇ ಎಲ್ಲೋ ನಿಂತಿದೆ ಎಂದೇ ಲೆಕ್ಕ.

ಒಂದು ಶನಿವಾರ ಸಂಜೆ ಧರ್ಮ ಮಾರಮ್ಮನಿದ್ದ ಕೂಲಿಯವರ ಲೈನಿಗೆ ಬಂದ. "ಹಿಂಡು ಹೊಳೆ ದಾಟ್ಕೊಂಡು ಹೋಗ್ಬುಡ್ತು ಮಾರಕ್ಕ. ನಾಳೆ ಒಂದಿನ ಗುಡ್ಡ ಖಾಲಿ. ನಾನೂ ಜತೇಲಿ ಬತ್ತೀನಿ."

"ಬಂಡೆಗಂಟ ಬರ್ಬೇಡ. ಕೆಳಗೇ ನಿಂತ್ಕ. ನಮ್ ಮಾತು ನಿಂಗ್ ಬ್ಯಾಡ."

"ನೀವಿಬ್ರೂ ಬೈಯಕ್ ಶುರು ಮಾಡಿದ್ರೆ ಆನೇನೂ ಹತ್ರ ಬರಲ್ಲ ಬುಡು."

ಅವಳು ಅಕ್ಕನಿಗೆ ಫೋನು ಮಾಡಿದಳು. ಬೆಳಗ್ಗೆ ಎದ್ದು ರೊಟ್ಟಿ ಸುಟ್ಟು ಬಟ್ಟೆಯಲ್ಲಿ ಕಟ್ಟಿ, ಬೇಕಿಲ್ಲದ ಹಗ್ಗವನ್ನೂ ಹೆಗಲಿಗೆ ಹಾಕಿಕೊಂಡು ಹೊರಟಳು. ತೋಟದ ಗೇಟು ದಾಟುವಷ್ಟರಲ್ಲಿ ಧರ್ಮನ ಫೋನು ಸದ್ದು ಮಾಡಿತು. ಗ್ರೂಪಿನಲ್ಲಿ ಫೋಟೊ. ಕೆಮ್ಮಣ್ಣಿನ ರಸ್ತೆಗೆ ಅಡ್ಡವಾಗಿ ಆನೆಗಳ ಹಿಂಡು, ನಡುವೆ ಮರಿ. ಹಾಕಿದವನು ಸಕಲೇಶಪುರದ ನಯಾಜ್, ತೋಟ ತೋಟ ತಿರುಗಿ ಕಾಫಿ ಕೊಳ್ಳುವವನು. ಯಾವ ರಸ್ತೆಯೆಂದು ಬರೆದಿರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್.

"ಎಲ್ಲೋ ಇದು?"

"ಯಾವನಿಗ್ ಗೊತ್ತು. ಮಣ್ಣು ನೋಡಿದ್ರೆ ನಮ್ದೇ ಇದ್ದಂಗೈತೆ. ಮರಿ ಬೇರೆ ಐತೆ. ತಿರುಗು ಮಾರಕ್ಕ."

"ಅಕ್ಕ ಹೊರಟಿರ್ತಾಳೆ ಕಣೋ. ಅವಳ ಫೋನು ಸಿಗ್ನಲ್‌ಗೆ ಅಂತ ಕಿಟಕೀಲಿ ನೇತಾಡ್ತಿರ್ತದೆ."

"ಆ ಕಡೆ ವಾಚರ್‌ಗೆ ಹೇಳ್ತೀನಿ, ಅವನು ತಡೀತಾನೆ. ನಿನ್ನ ಬುಟ್ಟೆ ಅಂದ್ರೆ ನಿನ್ ಜೀವ ಹೋಗ್ತದೆ, ನನ್ ಕೆಲಸ ಹೋಗ್ತದೆ."

ಧರ್ಮ ಕಾಲುದಾರಿಗೆ ಅಡ್ಡ ನಿಂತ. ಪೇಟೆಗೆ ಹೊರಟಿದ್ದವರು ಮನೆಗೆ ತಿರುಗಿದರು. ಆನೆ ಓಡಿಸುವವರ ಜೀಪು ಊರೂರು ಸುತ್ತಿತು.

ಮಧ್ಯಾಹ್ನ ನಯಾಜ್ ನಿದ್ದೆಯಿಂದೆದ್ದು ಫೋನು ಆನ್ ಮಾಡಿದ. ಕಾಫಿ ವ್ಯಾಪಾರದವರ ಜತೆ ಕೀನ್ಯಾಕ್ಕೆ ಹೋದವನು, ಅಲ್ಲಿ ಸಫಾರಿಯನ್ನೂ ಮಾಡಿ, ಅಂದು ಬೆಳಗ್ಗೆ ಮನೆ ಸೇರಿದ್ದ. ಮಲಗುವ ಮುಂಚೆ ಮನೆಯವರ ಗ್ರೂಪಿಗೆಂದು ಒತ್ತಿದ ಫೋಟೊ ಆನೆಯ ಗ್ರೂಪಿಗೆ ಬಿದ್ದಿತ್ತು. ಜನ ಅವನ ಜನ್ಮ ಜಾಲಾಡಿದರು. ಅಷ್ಟರಲ್ಲಿ ಗುಡ್ಡ ಹತ್ತಿ ಇಳಿಯುವ ಹೊತ್ತು ಮೀರಿತ್ತು. "ಕಿವಿ ನೋಡ್ಬಾರ್ದಿತ್ತಾ, ಮೊರದಗಲ ಅವೆ" ಎಂದು ಯಾವನೋ ಬುದ್ಧಿವಂತ ಸಂಜೆ ಬರೆದ. ಆನೆ ಬಂತೆಂದಾಗ ಯಾರೂ ನಿಂತು ಕಿವಿ ಅಳೆಯುವುದಿಲ್ಲ.

ಆ ಕಡೆಯ ವಾಚರ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಚೌಡಮ್ಮ ಗುಡ್ಡ ಹತ್ತಿಯಾಗಿತ್ತು. ಹಿಂದೆ ಹೋಗುವ ಧೈರ್ಯ ಅವನು ಮಾಡಲಿಲ್ಲ. ಅವಳು ಇಳಿದು ಬಂದ ಮೇಲೆ ತಾನೇ ಫೋನು ಮಾಡಿದಳು.

"ಬಿಸ್ಲು ತಿರುಗೋಗಂಟ ಕುಂತಿದ್ದೆ ಕಣೆ. ರೊಟ್ಟಿ ಅಲ್ಲೇ ಇಟ್ ಬಂದೆ, ಮಂಗ ತಿನ್ಕಳ್ಲಿ ಅಂತ. ಇಳಿಯೋವಾಗ ಮಂಡಿ ಕೈ ಕೊಡ್ತು. ಇನ್ನು ನನ್ ಕೈಲಾಗಲ್ಲ."

ಮಾರಮ್ಮನಿಗೆ ಸಿಟ್ಟು ಯಾರ ಮೇಲೆ ಮಾಡಬೇಕೆಂದೇ ತಿಳಿಯಲಿಲ್ಲ. "ಬಂಡೆ ಹೆಂಗೈತೆ?" ಎಂದು ಕೇಳಿದಳು.

"ಹಂಗೇ ಐತೆ. ಪಾಚಿ ಕಟ್ಟೈತೆ. ನಾವು ಕುಂತ್ಕತಿದ್ದ ಜಾಗ ಯಾವ್ದು ಅಂತ ಗೊತ್ತಾಗಲ್ಲ."

ಮುಂದಿನ ಭಾನುವಾರ ನಯಾಜ್ ಕಾರು ತಂದು ಲೈನಿನ ಮುಂದೆ ನಿಲ್ಲಿಸಿದ. ಧರ್ಮ ಅವನಿಗೆ ಎಲ್ಲ ಹೇಳಿದ್ದ.

"ಬನ್ನಿ ಮಾರಕ್ಕ, ನಿಮ್ಮಕ್ಕನ ಮನೆಗೆ ಕರ್ಕೊಂಡ್ ಹೋಗ್ತೀನಿ. ನಂದು ತಪ್ಪಾಯ್ತು."

"ನಿನ್ ಕಾರು ಗುಡ್ಡ ಹತ್ತುತ್ತೇನಪ್ಪ?"

"ಇಲ್ಲಕ್ಕ."

"ಮತ್ತೆ" ಎಂದು ಮುಖ ತಿರುಗಿಸಿದಳು. ಆಮೇಲೆ ಅವಳೇ ಹೋಗಿ ಸೆರಗು ಸರಿಮಾಡಿಕೊಂಡು ಕಾರು ಹತ್ತಿದಳು. ಅಕ್ಕನ ಮಂಡಿ ನೋಡಬೇಕಿತ್ತು.

ಚೌಡಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಂಚದ ಮೇಲೆ ಕೂತಿದ್ದಳು. ಕುರ್ಚಿ ಬಂತು, ಕಾಫಿ ಬಂತು, ಸೊಸೆ ಬಾಗಿಲಿಗೆ ಬಂದಳು. ಹೇಳಲು ವರ್ಷಗಟ್ಟಲೆಯ ಮಾತಿತ್ತು, ಆಡಿದ್ದು ಮಳೆ ಬೆಳೆಯದು. ಮಳೆ ಬಂತಾ, ಬಂತು. ಮೆಣಸು ಕುಯ್ದರಾ, ಕುಯ್ದರು. ಮೊಮ್ಮಕ್ಕಳು ಸಫಾರಿಯ ಫೋಟೊ ತೋರಿಸೆಂದು ನಯಾಜನನ್ನು ಮುತ್ತಿದವು. ಅವನು ಮಂಚದ ತುದಿಗೆ ಕೂತು ಒಂದೊಂದೇ ಸರಿಸಿದ. ಜಿರಾಫೆ, ಜೀಬ್ರಾ, ನೀರಿನಲ್ಲಿ ಮುಳುಗಿದ ನೀರಾನೆಯ ಮೂಗು. ಆಮೇಲೆ ಅದೇ ಆನೆ ಹಿಂಡಿನ ಇನ್ನೊಂದು ಫೋಟೊ, ಅವುಗಳ ಹಿಂದೆ ಕಣ್ಣು ಹೋಗುವ ತನಕ ಒಣಹುಲ್ಲು.

"ತಡಿ" ಎಂದಳು ಮಾರಮ್ಮ. "ಹಿಂದೆ ಅದ್ಯಾರೋ ಅವ್ರೆ."

ನಯಾಜ್ ಅದನ್ನು ನೋಡಿಯೇ ಇರಲಿಲ್ಲ. ಬೆರಳಲ್ಲಿ ಹಿಗ್ಗಿಸಿದ. ಕೆಂಪು ಬಟ್ಟೆಯ ಒಬ್ಬ ಹೆಂಗಸು, ಬಯಲಿನ ಉದ್ದಕ್ಕೂ ನಡೆದು ಹೋಗುತ್ತಿದ್ದಳು.

"ಅಲ್ಲಿ ದನ ಕಾಯೋ ಜನ ಅಕ್ಕ. ಅವ್ರಿಗೂ ಆನೆ ಕಾಟ ಐತಂತೆ. ಬಯಲಲ್ವಾ, ದೂರದಿಂದ್ಲೇ ಕಾಣ್ತವೆ. ಸುತ್ತಾಕ್ಕೊಂಡು ಹೋಗ್ತಾರೆ."

"ಒಬ್ಳೇ ಹೋಗ್ತಾವ್ಳಲ್ಲೆ" ಎಂದಳು ಚೌಡಮ್ಮ, ಫೋನನ್ನು ಅವನ ಕೈಯಿಂದ ತೆಗೆದುಕೊಂಡು.

"ಆ ಕಡೆ ಯಾರೋ ಅವ್ರೆ ಅವ್ಳಿಗೆ. ಇಲ್ದಿದ್ರೆ ಆ ಬಿಸ್ಲಲ್ಲಿ ಯಾಕ್ ನಡೀತಿದ್ಲು" ಎಂದಳು ಮಾರಮ್ಮ.

ಇಬ್ಬರೂ ಒಂದೇ ಫೋನಿಗೆ ಬಗ್ಗಿದರು. ಮಕ್ಕಳು ಸಿಂಹ, ಸಿಂಹ ಎಂದು ಗಲಾಟೆ ಎಬ್ಬಿಸಿದವು. ಚೌಡಮ್ಮ ಫೋನು ಕೊಡಲಿಲ್ಲ.

"ಆಮೇಲೆ? ಹೋಗಿ ಸೇರ್ಕಂಡ್ಲಾ?"

"ಗೊತ್ತಿಲ್ಲ ಅಕ್ಕ. ಸಿಂಹ ಐತೆ ಅಂತ ನಮ್ ಜೀಪು ಮುಂದಕ್ಕೋಯ್ತು."

"ಅದೆಲ್ಲಿಗೆ ಓಡೋಗ್ತಿತ್ತು ನಿನ್ ಸಿಂಹ" ಎಂದು ಚೌಡಮ್ಮ ಗದರಿದಳು. "ಒಂಚೂರು ನಿಂತು ನೋಡ್ಬಾರ್ದಿತ್ತಾ."