ಕಾಮೋಠೆಯ ಹನ್ನೊಂದು ಸಾವಿರ ಅಡಿ

ಕಾಮೋಠೆಯ ಕೇಂದ್ರವೊಂದು ಮಾರಿದ ‘ಎತ್ತರದ ಓಟದ ತರಬೇತಿ’ಯ ಫಲ ಅನುಭವಿಸಿದವರು ನೌಪಾಡಾದ ವನಜಕ್ಕ. ಮಾರಿದವರಿಗೆ ಒಂದು ಕೆಮ್ಮೂ ಬರಲಿಲ್ಲ. ಹನ್ನೊಂದು ಸಾವಿರ ಅಡಿ ಎತ್ತರದ ಲಡಾಖಿನ ಲೇಹ್ ತಲುಪಿದ ಮರುದಿನವೇ ವನಜಕ್ಕ ಓಟದ ಅಭ್ಯಾಸಕ್ಕಿಳಿದರು. ಅದರ ಮರುದಿನ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದರು.

ಕಳೆದ ಭಾನುವಾರ ಮುಂಬೈ ಹೊರವಲಯದ ಡೊಂಬಿವಲಿಯಿಂದ ಠಾಣೆ ಪಟ್ಟಣಕ್ಕೆ ಸ್ಲೋ ಲೋಕಲ್ ರೈಲು ಹಿಡಿದೆ. ಕೊರೋನಾ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಚೀಲದಲ್ಲಿತ್ತು. ಸೆಕೆ ವಿಪರೀತವಾಗಿತ್ತು. ನೌಪಾಡಾಕ್ಕೆ ನಡೆದೇ ಹೋದೆ. ವನಜಕ್ಕ ತಮ್ಮ ಹೋಟೆಲಿನ ಗಲ್ಲೆಯ ಹಿಂದೆ ಕುಳಿತಿದ್ದರು.

“ಬನ್ನಿ, ಬನ್ಸ್ ತಿನ್ನಿ. ಮೇಲಿನ ರೂಮಿಗೆ ಮಾತ್ರ ಕರೀಬೇಡಿ ಮಾರಾಯ್ರೆ, ಮೆಟ್ಲು ಹತ್ತಿದ್ರೆ ಇನ್ನೂ ಏದುಸಿರು.”

ಎತ್ತರಕ್ಕೆ ಹೋದವರು ಮೊದಲ ಕೆಲವು ದಿನ ವಿಶ್ರಾಂತಿ ಪಡೆಯಬೇಕೆಂದು ಯಾರೂ ಹೇಳಲಿಲ್ಲವೇ ಎಂದು ಕೇಳಿದೆ.

“ಸುಮ್ನೆ ಕೂತ್ಕೊಳ್ಲಿಕ್ಕೆ ರಜೆ ಎಲ್ಲುಂಟು? ಹೋಟ್ಲು ಯಾರು ನೋಡ್ಬೇಕು? ಆ ಕಾಮೋಠೆಯ ಕೋಚ್ ಹೇಳಿದ, ‘ಆಂಟಿ, ನಿಮ್ಮ ಬಾಡಿ ಆಗ್ಲೇ ಲೇಹ್‌ನಲ್ಲುಂಟು’ ಅಂತ. ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು, ಬಾಡಿ ನೌಪಾಡಾದ್ದೇ!” ನಗಲು ಹೋಗಿ ಕೆಮ್ಮಿದರು. “ಅಲ್ಲಿ ಕೂತಲ್ಲೇ ಆಕ್ಸಿಜನ್ ಎಂಬತ್ತೈದು. ನಮ್ಮ ಬಸವರಾಜ ಶುಕ್ರವಾರ ಲೇಹ್‌ಗೆ ಹೊರಡ್ತಾನೆ. ಅವನನ್ನು ನಿಲ್ಸಿ.”

ಬಸವರಾಜ ಶಹಾಡ್‌ನ ಕಾರ್ಖಾನೆಯೊಂದರ ನೌಕರ, ವನಜಕ್ಕನ ಓಟದ ಗೆಳೆಯ. ಅಂದು ಅವರಿಗೆ ಕಾಮೋಠೆಯ ಆ ಕೇಂದ್ರದಲ್ಲಿ ಕೊನೆಯ ತರಬೇತಿಯಿತ್ತು.

ಠಾಣೆಯಿಂದ ಪನ್ವೇಲ್ ಲೋಕಲ್ ಹತ್ತಿದೆ. ಐರೋಲಿ ದಾಟಿದ ಮೇಲೆ ಕಾಣಿಸುವ ಪಾರಸಿಕ್ ಗುಡ್ಡವೇ ನಮ್ಮ ಹಿಮಾಲಯ. ಈ ಸಮುದ್ರಮಟ್ಟದ ಊರಿನಲ್ಲಿ ಪರ್ವತವನ್ನು ಮಾರುವುದು ಹೇಗೆ ಎಂಬ ಸಂಶಯ ಕಾಮೋಠೆಯ ಮಾನಸರೋವರ್ ನಿಲ್ದಾಣದಲ್ಲಿ ಇಳಿದು ಶೇರ್ ರಿಕ್ಷಾ ಹಿಡಿಯುವವರೆಗೂ ಬಿಡಲಿಲ್ಲ.

ಕೇಂದ್ರದೊಳಗೆ ಹೆಜ್ಜೆಯಿಟ್ಟೊಡನೆ ಆ ಸಂಶಯ ದಟ್ಟವಾಯಿತು. ಎ.ಸಿ.ಯನ್ನು ನಡುಕ ಬರುವಷ್ಟು ತಣ್ಣಗಿಟ್ಟಿದ್ದರು. ಗೋಡೆಯ ಮೇಲೆ ಹಿಮಶಿಖರ, ಅದರಡಿ ‘೧೧,೦೦೦ ಅಡಿ’ ಎಂಬ ಫಲಕ. ಟ್ರೆಡ್‌ಮಿಲ್ ಮೇಲೆ ಬಸವರಾಜ, ಮೂಗು ಬಾಯಿ ಮುಚ್ಚುವ ರಬ್ಬರ್ ಮುಖವಾಡ ಧರಿಸಿ ಓಡುತ್ತಿದ್ದರು. ಅವರು ಇಳಿದ ಕೂಡಲೇ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ. ತೊಂಬತ್ತೇಳು, ಸಮುದ್ರಮಟ್ಟದ ಸಾಮಾನ್ಯ ಅಂಕಿ.

ಕೋಚ್ ಇಲ್ಲೇ ಹುಟ್ಟಿದ ಕನ್ನಡದ ಯುವಕ. ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರಿಸಿದ: “ಮ್ಯಾಡಮ್, ಟೆನ್ಶನ್ ಮತ್ ಲೋ. ಫೀಲಿಂಗ್ ಸೇಮ್ ಹೈ.”

ಏದುಸಿರಿನ ಅನುಭವ ಒಂದೇ ಇರಬಹುದು, ಗಾಳಿ ಒಂದೇ ಅಲ್ಲ. ಎತ್ತರದಲ್ಲಿ ಗಾಳಿ ತೆಳುವಾಗಿ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಉಸಿರು, ಎದೆಬಡಿತ ಎರಡೂ ಏರುತ್ತವೆ. ಇಲ್ಲಿ ಹಗುರವೆನಿಸುವ ಓಟ ಅಲ್ಲಿ ದುಡಿತವಾಗುತ್ತದೆ. ದೇಹ ಅದಕ್ಕೆ ಹೊಂದಿಕೊಳ್ಳಲು ದಿನಗಳೇ ಬೇಕು. ಈ ಮುಖವಾಡ ಉಸಿರೆಳೆಯುವುದನ್ನು ಕಷ್ಟಗೊಳಿಸುತ್ತದೆ, ಅಷ್ಟೇ. ಒಳಗೆ ಹೋಗುವುದು ಕಾಮೋಠೆಯ ಗಾಳಿಯೇ.

ಬಸವರಾಜ ತಮ್ಮ ಬೆರಳನ್ನೇ ನೋಡುತ್ತ ನಿಂತಿದ್ದರು. “ಅಲ್ಲೋ ತಮ್ಮಾ, ಹನ್ನೊಂದ್ ಸಾವಿರ ಅಡಿ ಏರಸೀನಿ ಅಂದಿ. ನಾ ಇನ್ನೂ ಗ್ರೌಂಡ್ ಫ್ಲೋರ್‌ನಾಗ ಅದೀನಲ್ಲೋ!”

“ಅಂಕಲ್, ಆಪ್ ಕೋ ಹೀ ಛುಟ್ಟೀ ನಹೀಂ ಥೀ.”

ರಜೆಯಿಲ್ಲದ್ದು ನಿಮಗೇ ಎಂಬ ಆ ಮಾತಿನಲ್ಲೇ ವ್ಯಾಪಾರದ ಗುಟ್ಟಿತ್ತು. ಹೋಟೆಲ್ ಮುಚ್ಚಲಾಗದವರು, ಶಿಫ್ಟ್ ಬಿಡಲಾಗದವರು, ಅಂಥವರನ್ನೇ ಹುಡುಕಿ ಈ ಕೇಂದ್ರ ಮಾರಿದ್ದು ತರಬೇತಿಯನ್ನಲ್ಲ. ವಿಶ್ರಾಂತಿಯ ದಿನಗಳನ್ನು ಉಳಿಸಿಕೊಡುತ್ತೇವೆಂಬ ಸುಳ್ಳನ್ನು. ಇದು ಅಜ್ಞಾನವಲ್ಲ, ವಂಚನೆ.

ಬಸವರಾಜ ನನ್ನೊಡನೆಯೇ ಹೊರಟರು. ಠಾಣೆಯಲ್ಲಿ ರೈಲು ಬದಲಿಸಿದೆವು. ಕಲ್ಯಾಣ ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕ ಮೇಲೆ ಅವರು ಹೇಳಿದರು: “ಹೋಗ್ತೀನ್ರಿ, ಆದ್ರ ಓಡಂಗಿಲ್ಲ. ಚಾ ಕುಡ್ಕೊಂತ ಗುಡ್ಡ ನೋಡ್ಕೊಂತ ಕುಂದ್ರತೀನಿ. ನಮ್ಮ ಬ್ಯಾಚಿನಾಗ ಇನ್ನೂ ಮೂರು ಮಂದಿ ಅದಾರ. ಅವರ ನಂಬರ್ ನನ್ನ ಕಡೆ ಇಲ್ಲ.”

ಆ ನಂಬರ್‌ಗಳು ನಿಮ್ಮ ಬಳಿ ಇವೆ, ಕೇಂದ್ರದ ಮಾಲೀಕರೇ. ಶುಕ್ರವಾರದ ವಿಮಾನ ಹೊರಡುವ ಮುನ್ನ ಆ ಮೂವರಿಗೂ ನೀವೇ ಫೋನ್ ಮಾಡಿ, ಅವರ ದೇಹ ಇನ್ನೂ ಸಮುದ್ರಮಟ್ಟದಲ್ಲೇ ಇದೆಯೆಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಆಮೇಲೆ ಆ ಫಲಕವನ್ನು ಕೆಳಗಿಳಿಸಿ.