ಲೀಯಾಳ ನಡುಪಟ್ಟಿಗೆ ನಾನು ಕಟ್ಟಿದ ಕುಚ್ಚು

ಅಮೆರಿಕದ ಹುಡುಗಿಯರೆಂದರೆ ಜೀನ್ಸ್ ಎಂದುಕೊಂಡು ಬಂದವಳು ನಾನು. ಅಲ್ಲಿನ ಪ್ಲೇನೋ ಎಂಬ ಊರಿಗೆ ಬಂದ ಎರಡನೇ ವಾರ, ತಂಗಿ ಶೈಲಾಳ ಅಪಾರ್ಟ್‌ಮೆಂಟಿನಲ್ಲಿ ಹದಿಮೂರರ ಹುಡುಗಿಯೊಬ್ಬಳು ಕಡುನೀಲಿ ಉಣ್ಣೆಯ ಲಂಗ ಸುತ್ತಿ, ಸ್ಯಾಟಿನ್ ಕುಪ್ಪಸದ ಎದೆಗೆ ಬೆಳ್ಳಿ ಬಿಲ್ಲೆ ಸಿಕ್ಕಿಸಿ, ನಡುವಿಗೆ ಉಣ್ಣೆಯ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. ಲಂಗದ ಅಂಚಿಗೆ ರೇಷ್ಮೆ ರಿಬ್ಬನ್ ಕತ್ತರಿಸಿ, ಮಡಚಿ ಹೊಲಿದ ಚಿತ್ತಾರ. ಕಸೂತಿ ನೋಡಿ ಬೆಳೆದ ನನ್ನ ಕಣ್ಣಿಗೂ ಅದು ಹೊಸದು.

ಆಕೆ ಲೀಯಾ, ಪಕ್ಕದ ಮನೆಯ ರೂತ್ ಆಂಟಿಯ ಮೊಮ್ಮಗಳು. ಅವರು ಒಸೇಜ್ ಜನ. ಬಿಳಿಯರಿಗಿಂತ ಮೊದಲೇ ಈ ನಾಡಿನಲ್ಲಿದ್ದವರು. ಬೇಸಿಗೆಯಲ್ಲಿ ಒಕ್ಲಹೋಮಾದ ತಮ್ಮ ಊರಿಗೆ ಕುಣಿತಕ್ಕೆ ಹೋಗುತ್ತಾರೆ. ಲೀಯಾಗೆ ಅದು ಮೊದಲ ಕುಣಿತ. ರೂತ್ ಆಂಟಿಯ ಬೆರಳು ಸೆಟೆದುಕೊಂಡು ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಬಿಗಿಯಾಗಿದ್ದ ಕುಪ್ಪಸದ ಕಂಕುಳು ಸಡಿಲಿಸಿಕೊಡಲು ಕೇಳಿ, ಉಡುಪನ್ನೆಲ್ಲ ನಮ್ಮಲ್ಲೇ ಬಿಟ್ಟುಹೋದರು.

“ಪಟ್ಟಿ ಮುಟ್ಟಬ್ಯಾಡ ಅಕ್ಕಾ, ಕುಪ್ಪಸ ಅಷ್ಟ ನೋಡು” ಎಂದಿದ್ದಳು ಶೈಲಾ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಶೈಲಾಳ ಬಾಣಂತನಕ್ಕೆ ಬಂದಿದ್ದೆ. ಗದಗಿನಲ್ಲಿ ಕೂಗಿದರೆ ಹತ್ತು ಮನೆ ಓಗೊಡುತ್ತವೆ. ಇಲ್ಲಿ ಕರಿಬೇವಿಗೂ ಶನಿವಾರ ಶೈಲಾಳ ಗಂಡನ ಕಾರಿಗೆ ಕಾಯಬೇಕು. ಕೈಗೆ ಗೊತ್ತಿದ್ದದ್ದು ಸೂಜಿದಾರ ಒಂದೇ. ಆ ಉಣ್ಣೆಯ ಪಟ್ಟಿಯ ತುದಿಯಲ್ಲಿ ಮೊಳದುದ್ದ ನೂಲುಗಳು ಏರುಪೇರಾಗಿ ಜೋತುಬಿದ್ದಿದ್ದವು. ಪಾಪ, ಆಂಟಿಗೆ ಮುಗಿಸಲಾಗಿಲ್ಲ ಅನಿಸಿತು. ಸೀರೆ ಸೆರಗಿಗೆ ಕಟ್ಟುವಂತೆ ನೂಲುಗಳನ್ನು ಸಮನಾಗಿ ಗೇಣುದ್ದಕ್ಕೆ ಕತ್ತರಿಸಿ, ಚೆಂದದ ಕುಚ್ಚು ಕಟ್ಟಿದೆ.

ಮರುದಿನ ರೂತ್ ಆಂಟಿ ಪಟ್ಟಿ ಬಿಡಿಸಿ, ಕುಚ್ಚುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅವರು ಹೇಳಿದ್ದನ್ನು ಶೈಲಾ ನನಗೆ ತಿಳಿಸಿದಳು. ಆ ಪಟ್ಟಿ ತೀರಿಹೋದ ಅವರ ಅಕ್ಕ ಮಗ್ಗವಿಲ್ಲದೆ ಬೆರಳಿನಲ್ಲೇ ಹೆಣೆದದ್ದಂತೆ. ಹುಡುಗಿ ಹೆಜ್ಜೆ ಹಾಕುವಾಗ ಆ ನೂಲೆಲ್ಲ ಬೆನ್ನ ಹಿಂದೆ ಉದ್ದಕ್ಕೆ ತೂಗಾಡಬೇಕಂತೆ.

ಶೈಲಾ ನನ್ನ ಮುಖ ನೋಡಿದಳು. ನಾನು ಕೂಸಿನ ಕುಲಾವಿ ಸರಿಮಾಡುತ್ತ ತಲೆ ತಗ್ಗಿಸಿದೆ. ಅವಳು ತನ್ನ ಎದೆ ಮುಟ್ಟಿಕೊಂಡು, ಇಂಗ್ಲಿಷಿನಲ್ಲಿ ತಾನೇ ಹೇಳಿ ಮಾಡಿಸಿದ್ದೆಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ಸಾರಿ ಎಂಬ ಒಂದು ಮಾತು ನನಗೂ ಬರುತ್ತಿತ್ತು. ಭಾಷೆ ಬಾರದವಳಂತೆ ಕುಳಿತಿದ್ದೆ.

ಆಂಟಿ ಬೈಯಲಿಲ್ಲ. ಏನೋ ಕೇಳಿದರು.

“ಕತ್ತರಿಸಿದ ನೂಲು ಎಲ್ಲೈತಿ ಅಂತ ಕೇಳಾಕತ್ತಾರ, ಅಕ್ಕಾ.”

ಗದಗಿನಲ್ಲಾಗಿದ್ದರೆ ಹೊಲಿಗೆ ಮಷೀನಿನ ಕೆಳಗಿನ ಚೀಲದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿತ್ತು. ಇಲ್ಲಿ ಬೆಳಿಗ್ಗೆಯೇ ಕಸದ ಲಾರಿ ಬಂದು ಹೋಗಿತ್ತು.

ಬಸುರಿ ಶೈಲಾಳನ್ನು ಪ್ರತಿ ಬಾರಿ ಆಸ್ಪತ್ರೆಗೆ ಕರೆದೊಯ್ದದ್ದು ಆ ಆಂಟಿಯೇ. ಶೈಲಾಗೆ ಇಲ್ಲಿದ್ದ ಒಂದೇ ಗೆಳೆತನ ಅದು. ಆಮೇಲೆ ಆಂಟಿ ಎದುರಾದರೆ ನಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ನಾನು “ಮಾಡಿದ್ದು ನಾನು” ಎಂದು ಇಂಗ್ಲಿಷಿನಲ್ಲಿ ಹೇಳಲು ಕಲಿಯುವಷ್ಟರಲ್ಲಿ ಅವರು ಒಕ್ಲಹೋಮಾಗೆ ಶಿಫ್ಟ್ ಆಗಿದ್ದರು. ಶೈಲಾ ಇವತ್ತಿಗೂ ಆ ಮಾತು ಎತ್ತಿಲ್ಲ.

ಈಗ ಒಮ್ಮೊಮ್ಮೆ ಆರು ತಿಂಗಳು ಶೈಲಾಳ ಮನೆಯಲ್ಲಿ, ಉಳಿದಂತೆ ನಮ್ಮೂರಲ್ಲಿ ಇರುತ್ತೇನೆ. ಗದಗಿನಲ್ಲಿ ಕುಚ್ಚು ಕಟ್ಟಿದರೆ ತುಂಡು ನೂಲನ್ನೆಲ್ಲ ಡಬ್ಬಿಯಲ್ಲಿ ತೆಗೆದಿಡುತ್ತೇನೆ. ಪ್ಲೇನೋದಲ್ಲಿ ಲಾರಿ ಬರುವ ದಿನ, ಕಸದ ಡಬ್ಬಿಯನ್ನು ಇನ್ನೊಮ್ಮೆ ತೆರೆದು ನೋಡುತ್ತೇನೆ.