ಉಪವಾಸದ ಇಲಿಗಳು

ಅದು 1996ನೇ ಇಸವಿ. ಫಾರ್ಮಸಿ ಓದು ಮುಗಿಸಿ, ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಒಂದು ಔಷಧಿ ಸಂಶೋಧನಾ ಲ್ಯಾಬಿಗೆ ಸೇರಿದ್ದೆ. ಆರು ತಿಂಗಳಾಗುತ್ತ ಬಂದರೂ ಕೆಲಸ ಕಾಯಂ ಆಗಿರಲಿಲ್ಲ. ಲಿವರ್ ಕೆಟ್ಟವರಲ್ಲಿ ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ನಾಳದ ಒತ್ತಡ ಏರುತ್ತದೆ. ಅದೇ ಸ್ಥಿತಿಯನ್ನು ಇಲಿಗಳಲ್ಲಿ ತಂದು, ಹೊಸ ಔಷಧಿ ಕೊಡುವ ಮೊದಲೂ ಆಮೇಲೂ ಅವುಗಳ ಕರುಳಿಗೆ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತದೆಂದು ಅಳೆಯುವುದು ನನ್ನ ಕೆಲಸ. ಇಲಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು, ದಾರದಷ್ಟು ಸಣ್ಣ ರಕ್ತನಾಳಕ್ಕೆ ಅಳತೆ ಯಂತ್ರದ ಕೊಕ್ಕೆಯಂಥ ಪ್ರೋಬ್ ಸಿಕ್ಕಿಸಬೇಕು. ಹೊಟ್ಟೆ ತುಂಬಿದ್ದರೆ ಕರುಳಿಗೆ ರಕ್ತ ಜಾಸ್ತಿ ನುಗ್ಗುತ್ತದೆ, ಅಳತೆ ಕೆಡುತ್ತದೆ. ಅದಕ್ಕೇ ಹಿಂದಿನ ಸಂಜೆಯಿಂದ ಇಲಿಗಳಿಗೆ ಉಪವಾಸ, ಬರೀ ನೀರು.

ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಅದೇ ಊರಿನ ಪಿಳ್ಳಮ್ಮ. ಹೊಲವಿದ್ದ ಜಾಗದಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದರು. ಅದರಲ್ಲೊಂದರಲ್ಲಿ ನಾನಿದ್ದೆ. "ಮನೇಲಿ ಕುಂತ್ಕಂಡು ಏನ್ ಮಾಡ್ಲಿ?" ಎಂದು ಕೆಲಸಕ್ಕೆ ಬರುತ್ತಿದ್ದರು. ಲ್ಯಾಬಿನಲ್ಲಿ ನಾನು ಅವರಿಗೆ ಮೇಡಂ, ಗೇಟು ದಾಟಿದರೆ ಅವರು ನನಗೆ ಓನರ್. ನಲ್ಲಿ ನಿಲ್ಲಿಸಲಿಲ್ಲವೆಂದು ಸಂಜೆ ಬೈಸಿಕೊಂಡವಳು, ಮರುದಿನ ಅವರಿಗೇ ಗೂಡು ತೊಳೆಯಿರಿ ಎನ್ನಬೇಕು. ಯಾರಿಗೆ ಬೇಕು ಈ ಕರ್ಮ!

ಆ ವಾರ ನನ್ನ ಅಳತೆಗಳೆಲ್ಲ ಎಕ್ಕುಟ್ಟಿ ಹೋದವು. ಔಷಧಿ ಇನ್ನೂ ಕೊಟ್ಟೇ ಇಲ್ಲ, ಒಂದು ಇಲಿಯಲ್ಲಿ ಸರಿಯಾಗಿ ಬಂದದ್ದು ಇನ್ನೊಂದರಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಪ್ರೋಬ್ ತೊಳೆದೆ, ಪ್ಲಗ್ ಬದಲಿಸಿದೆ, ಕರೆಂಟಿನವರನ್ನು ಬೈದೆ. ಕೊನೆಗೆ ಯಂತ್ರಕ್ಕೆ ಕುಂಕುಮವನ್ನೂ ಇಟ್ಟೆ. ಪಿಳ್ಳಮ್ಮ ಮರುಗಿ, "ಯಾರ್ದೋ ಕಣ್ ಬಿದ್ದದೆ ಮೇಡಂ, ಮೆಣಸಿನ್ಕಾಯಿ ನಿವಾಳ್ಸಿ ಬಿಸಾಕಿ" ಎಂದರು.

ನಮ್ಮ ಸಾಹೇಬರು ಧಾರವಾಡದ ಕಡೆಯವರು. ನನ್ನ ಅಂಕಿಗಳನ್ನು ನೋಡಿ, "ಶನಿವಾರ ನನ್ನ ಎದುರಿಗೇ ಅಳತಿ ಮಾಡಿ ತೋರಸ್ರಿ. ನಿಮಗ ಕೈ ಕೂಡದಿದ್ರ ಬ್ಯಾರೆಯವ್ರನ್ನ ನೋಡೂದಾಗ್ತದ" ಎಂದರು.

ಶನಿವಾರ ಬೆಳಿಗ್ಗೆ ಅವರ ಮುಂದೆ ಪ್ರೋಬ್ ಸಿಕ್ಕಿಸಿದೆ. ಅಂಕಿ ಆಟೋ ಮೀಟರಿನಂತೆ ಓಡಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಸಾಹೇಬರು ಯಂತ್ರ ನೋಡಲೇ ಇಲ್ಲ. ನಾನು ಹೊದಿಸಿದ್ದ ಒದ್ದೆ ಬಟ್ಟೆಯನ್ನು ಇಕ್ಕಳದಿಂದ ಸರಿಸಿ, "ಈ ಹೊಟ್ಟಿ ಯಾಕ್ರೀ ಹಿಂಗ ಉಬ್ಬೇತಿ? ಉಪಾಸ ಇಟ್ಟೀರಿಲ್ಲೋ?" ಎಂದರು.

"ಇಟ್ಟಿದ್ದೀನಿ ಸಾರ್! ತಿಂಡಿ ನಾನೇ ತೆಗೆದಿದೀನಿ."

ಇಷ್ಟು ದಿನ ಆ ಸಣ್ಣ ನಾಳವೊಂದನ್ನು ಬಿಟ್ಟು ಬೇರೇನನ್ನೂ ನಾನು ಕಣ್ಣೆತ್ತಿ ನೋಡಿರಲಿಲ್ಲ. ಅರಿವಳಿಕೆಯಲ್ಲೇ ಇಲಿಯ ಪ್ರಾಣ ಹೋದ ಮೇಲೆ ಸಾಹೇಬರು ಅದರ ಜಠರ ಕತ್ತರಿಸಿದರು. ಒಳಗೆ ಕಂದು ಬಣ್ಣದ ಮೆತ್ತನೆ ಮುದ್ದೆ. ಹತ್ತಿರ ಬಗ್ಗಿ ನೋಡಿ, "ಅಯ್ಯ ಶಿವನ! ಇದು ರಾಗಿಮುದ್ದಿ ಐತಲ್ರೀ! ಯಾರು ಹಾಕಿದ್ರು?" ಎಂದರು.

ಯಾರೆಂದು ನನಗೆ ತಕ್ಷಣ ಹೊಳೆಯಿತು. ಹೆಸರು ಹೇಳಿದರೆ ಮನೆ ಹೋಗಬಹುದು, ಹೇಳದಿದ್ದರೆ ಕೆಲಸ. ಸುಳ್ಳೇಕೆ, ಕೆಲಸವೇ ಗೆದ್ದಿತು. ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಬಳಿಯಿಂದ ಪಿಳ್ಳಮ್ಮನ ದನಿ.

"ನಾನೇ ಸಾರ್. ಈ ವಾರ್ದಿಂದ ಬೆಳಿಗ್ಗೆ ಗೂಡು ತೊಳ್ಯಾಕ್ ಬಂದಾಗ ಒಂದೊಂದ್ ತುತ್ತು ಆಕ್ತೀನಿ, ಕೆಲವು ತಿಂತವೆ, ಕೆಲವು ಮುಟ್ಟಾಕಿಲ್ಲ. ಸಾಯಾಕ್ ಓಗೋವನ್ನ ಖಾಲಿ ಒಟ್ಟೇಲಿ ಎಂಗ್ ಕಳ್ಸೋದು? ಮೇಡಮ್ಮಂಗೆ ಏನೂ ಗೊತ್ತಿಲ್ಲ, ಅವ್ರನ್ನ ಬಯ್ಬ್ಯಾಡಿ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಒಂದು ತುತ್ತು ಮುದ್ದಿನೂ ನಿಮ್ಮ ಪ್ರೋಬಿಗೆ ಗೊತ್ತಾಗೇತಿ ಅಂದ್ರ ನಿಮ್ಮ ಕೈ ಛಲೋ ಐತಿ ಬಿಡ್ರಿ!" ಎಂದರು. ಆ ವಾರದ ಅಳತೆಯೆಲ್ಲ ಕಸದ ಬುಟ್ಟಿಗೆ ಹೋಯಿತು, ನನ್ನ ಕೆಲಸ ಉಳಿಯಿತು. ಆಮೇಲೆ ಉಪವಾಸದ ಗೂಡುಗಳ ಕಡೆ ಪಿಳ್ಳಮ್ಮ ತಲೆ ಹಾಕಲಿಲ್ಲ. ಅವನ್ನು ನಾನೇ ತೊಳೆದೆ.

ಆ ಶನಿವಾರ ಸಂಜೆಯೇ ಮನಸ್ಸು ತಡೆಯದೆ ಅವರ ಮನೆಗೆ ಹೋದೆ. "ಅಕ್ಕಾ, ನಾನು ನಿಮ್ ಹೆಸರು ಹೇಳೋಳಿದ್ದೆ" ಎಂದೆ.

"ಗೊತ್ತು ಬುಡಿ, ಬಾಯ್ ತೆಗ್ದಿದ್ದು ಕಾಣ್ಸ್ತು. ನಿಮ್ ಬಾಯಿಂದ ಬಂದಿದ್ರೆ ಆಮೇಲೆ ನನ್ ಮುಖ ಎಂಗ್ ನೋಡ್ತಿದ್ರಿ? ಅದ್ಕೇ ನಾನೇ ಅಂದ್ಬುಟ್ಟೆ."

ಇಷ್ಟು ವರ್ಷವಾದರೂ ಆ ರಾಗಿಮುದ್ದೆ ನೆನಪಾದರೆ ಮೊದಲು ನಗು ಬರುತ್ತದೆ, ಆಮೇಲೆ ಪಿಳ್ಳಮ್ಮನ ಮಾತು ನೆನಪಾಗಿ ನಾಚಿಕೆಯಾಗುತ್ತದೆ.